ಬೇಸಿಗೆಯಲ್ಲಿ ಆಳಕ್ಕಿಳಿಯುವ ಬ್ಲೂಗಿಲ್: ದೊಡ್ಡ ಮೀನು ಸಿಗುವುದೆಲ್ಲಿ, ಉಳಿಯುವುದು ಹೇಗೆ?

ಅಮೆರಿಕದ ಮಿನ್ನೆಸೋಟ ರಾಜ್ಯದ ಸರೋವರಗಳ ದಡದಲ್ಲಿ ಜುಲೈ ತಿಂಗಳ ಮಧ್ಯಾಹ್ನ ಸಾಮಾನ್ಯವಾಗಿ ಕಾಣಸಿಗುವ ನೋಟವಿದು. ದೋಣಿ ಕಟ್ಟುವ ಮರದ ಅಟ್ಟಣೆಯ ಮೇಲೆ ಕುಳಿತ ಮಕ್ಕಳು ಗಾಳಕ್ಕೆ ಎರೆಹುಳು ಸಿಕ್ಕಿಸಿ ನೀರಿಗೆ ಬಿಡುತ್ತಾರೆ. ಬೆಂಡು ಮುಳುಗಲು ಒಂದು ನಿಮಿಷವೂ ಬೇಡ. ಆದರೆ ಮೇಲೆ ಬರುವುದೆಲ್ಲ ಅಂಗೈಗಿಂತ ಚಿಕ್ಕ ಮೀನು. ಜೂನ್ ಮೊದಲ ವಾರಗಳಲ್ಲಿ ಇದೇ ದಡದ ಸೊಂಟದಾಳದ ನೀರಿನಲ್ಲಿ ಗೂಡು ಕಾಯುತ್ತಿದ್ದ ಒಂಬತ್ತು ಇಂಚಿನ ಮೀನುಗಳ ಸುಳಿವೇ ಇರುವುದಿಲ್ಲ.

ಅವು ಸರೋವರ ಬಿಟ್ಟು ಹೋಗಿಲ್ಲ. ದಡ ಬಿಟ್ಟು ಹೋಗಿವೆ, ಅಷ್ಟೇ. ಬೇಸಿಗೆ ಏರಿದಂತೆ ದೊಡ್ಡ ಬ್ಲೂಗಿಲ್‌ಗಳು ಆಳದ ನೀರಿಗೆ ಇಳಿಯುತ್ತವೆ. ಅಲ್ಲಿ ಅವುಗಳನ್ನು ಹುಡುಕಿ ಹಿಡಿಯುವುದು ಅಮೆರಿಕದ ಗಾಳಗಾರರ ಪಾಲಿಗೆ ಒಂದು ವಿದ್ಯೆಯೇ ಆಗಿ ಬೆಳೆದಿದೆ. ಆದರೆ ಈ ವಿದ್ಯೆ ಕೈವಶವಾದಷ್ಟೂ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ದೊಡ್ಡ ಮೀನುಗಳನ್ನೆಲ್ಲ ಹಿಡಿದು ಮುಗಿಸಿದರೆ ಆ ಸರೋವರದಲ್ಲಿ ಮತ್ತೆ ದೊಡ್ಡ ಮೀನು ಬೆಳೆಯುವುದೇ? ಬೆಳೆಯುವುದು ಕಷ್ಟ ಎನ್ನುತ್ತದೆ ಕಳೆದ ಕೆಲವು ದಶಕಗಳ ಮೀನು ವಿಜ್ಞಾನ.

ಯಾವುದು ಈ ಮೀನು?

ಬ್ಲೂಗಿಲ್ ಸಿಹಿನೀರಿನ ಮೀನು. 'ಸೂರ್ಯಮೀನು' ಎಂಬ ಅರ್ಥದ ಸನ್‌ಫಿಶ್ ಕುಟುಂಬಕ್ಕೆ ಸೇರಿದೆ. ರಾಕಿ ಪರ್ವತಗಳ ಪೂರ್ವಕ್ಕಿರುವ ಉತ್ತರ ಅಮೆರಿಕ ಇದರ ತವರು. ತಟ್ಟೆಯಂತೆ ಚಪ್ಪಟೆಯಾದ ದುಂಡು ದೇಹ, ಪುಟ್ಟ ಬಾಯಿ, ಕಿವಿರು ಮುಚ್ಚಳದ ತುದಿಯಲ್ಲಿ ಒಂದು ಕಪ್ಪು ಮಚ್ಚೆ. ಕೆನ್ನೆಯ ಕೆಳಭಾಗದಲ್ಲಿ ಕಾಣುವ ನೀಲಿ ಛಾಯೆಯಿಂದಲೇ ಇದಕ್ಕೆ ಈ ಹೆಸರು ಬಂದಿದೆ. ಇಲಿನಾಯ್ ರಾಜ್ಯ ಇದನ್ನು ತನ್ನ ಅಧಿಕೃತ ಮೀನಾಗಿ ಆರಿಸಿಕೊಂಡಿದೆ. ಅಮೆರಿಕದ ಲಕ್ಷಾಂತರ ಮಕ್ಕಳು ಜೀವನದಲ್ಲಿ ಮೊದಲ ಸಲ ಹಿಡಿಯುವ ಮೀನೂ ಇದೇ.

ಸಾಮಾನ್ಯವಾಗಿ ಆರೇಳು ಇಂಚು ಬೆಳೆಯುವ ಈ ಮೀನು ಎಂಟು ಇಂಚು ದಾಟಿದರೆ ಒಳ್ಳೆಯ ಮೀನು. ಹತ್ತು ಇಂಚು ಮುಟ್ಟಿದರೆ ಅದು ನೆನಪಿನಲ್ಲಿ ಉಳಿಯುವ ಬೇಟೆ. ಅಲಬಾಮ ರಾಜ್ಯದ ಕೆಟೋನ ಸರೋವರದಲ್ಲಿ 1950ರಲ್ಲಿ ಸಿಕ್ಕ 4 ಪೌಂಡ್ 12 ಔನ್ಸ್, ಅಂದರೆ ಎರಡು ಕಿಲೋಗ್ರಾಂಗೂ ಮಿಗಿಲಾದ ಬ್ಲೂಗಿಲ್ ವಿಶ್ವದಾಖಲೆಯಾಗಿ ಗುರುತಿಸಿಕೊಂಡಿದೆ. ಅದು ದಕ್ಷಿಣದ ಬೆಚ್ಚನೆಯ ನೀರಿನ ಮಾತು. ಉತ್ತರದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ರಾಜ್ಯಗಳಲ್ಲಿ ಬೆಳವಣಿಗೆಯ ಕಾಲ ಚಿಕ್ಕದು. ವರ್ಷದಲ್ಲಿ ಹಲವು ತಿಂಗಳು ಸರೋವರಗಳ ಮೇಲೆ ಹಿಮದ ಹೊದಿಕೆ ಇರುತ್ತದೆ. ಅಲ್ಲಿ ಒಂದು ಬ್ಲೂಗಿಲ್ ಎಂಟು ಇಂಚು ತಲುಪಲು ಐದರಿಂದ ಎಂಟು ವರ್ಷ ಬೇಕಾಗಬಹುದು. ಈ ಅವಧಿಯನ್ನು ನೆನಪಿಟ್ಟುಕೊಂಡರೆ ಮುಂದಿನ ವಿಷಯವೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ನೀರಿನೊಳಗಿನ ಮೂರು ಅಂತಸ್ತು

ಕರ್ನಾಟಕದಲ್ಲಿ ಮುಂಗಾರು ಸುರಿಯುವ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲವೇ ಅಲ್ಲಿಯ ಬೇಸಿಗೆ. ಬಿಸಿಲಿಗೆ ಕಾಯುವುದು ಸರೋವರದ ಮೇಲಿನ ನೀರು ಮಾತ್ರ. ಬೆಚ್ಚಗಿನ ನೀರು ಹಗುರ, ತಣ್ಣೀರು ಭಾರ. ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಹೀಗಾಗಿ ಮೇಲೆ 25 ಡಿಗ್ರಿಯ ಹಗುರ ನೀರು ತೇಲುತ್ತಿದ್ದರೆ, ತಳದಲ್ಲಿ ಚಳಿಗಾಲವನ್ನು ಮರೆಯದ ತಣ್ಣೀರು ಕುಳಿತಿರುತ್ತದೆ. ಗಾಳಿ ಎಷ್ಟೇ ಬೀಸಿದರೂ ಬೇಸಿಗೆಯಲ್ಲಿ ಇವೆರಡೂ ಬೆರೆಯುವುದಿಲ್ಲ.

ಇವೆರಡರ ನಡುವೆ ತೆಳ್ಳಗಿನ ಮೂರನೆಯ ಪದರವೊಂದಿದೆ. ಅದರೊಳಗೆ ಕೆಲವೇ ಅಡಿ ಕೆಳಗಿಳಿಯುವಷ್ಟರಲ್ಲಿ ಉಷ್ಣತೆ ಥಟ್ಟನೆ ಕುಸಿಯುತ್ತದೆ. ಇದಕ್ಕೆ ಥರ್ಮೋಕ್ಲೈನ್ ಎಂದು ಹೆಸರು. ಆಳವಾದ ಕೊಳದಲ್ಲಿ ಈಜಿದವರಿಗೆ ಇದರ ಅನುಭವ ಇದ್ದೀತು. ಎದೆಯವರೆಗೆ ಹಿತವಾಗಿದ್ದ ನೀರು ಪಾದದ ಬಳಿ ಕೊರೆಯುತ್ತದೆ. ಉತ್ತರ ಅಮೆರಿಕದ ಬಹಳಷ್ಟು ಸರೋವರಗಳಲ್ಲಿ ಈ ಪದರ 15ರಿಂದ 30 ಅಡಿ ಆಳದೊಳಗೆ ಸಿಗುತ್ತದೆ. ನೀರಿನ ತಿಳಿ, ಸರೋವರದ ವಿಸ್ತಾರ ಮತ್ತು ಗಾಳಿಗೆ ತಕ್ಕಂತೆ ಈ ಆಳ ಬದಲಾಗುತ್ತದೆ.

ಮೀನಿನ ದೃಷ್ಟಿಯಿಂದ ಇದು ಬರೀ ತಂಪಿನ ಪ್ರಶ್ನೆಯಲ್ಲ, ಉಸಿರಿನ ಪ್ರಶ್ನೆ. ಮೇಲಿನ ನೀರಿಗೆ ಗಾಳಿಯಿಂದಲೂ ಪಾಚಿಯಿಂದಲೂ ಆಮ್ಲಜನಕ ದೊರೆಯುತ್ತಲೇ ಇರುತ್ತದೆ. ತಳದ ನೀರಿಗೆ ಆ ಭಾಗ್ಯವಿಲ್ಲ. ಅಲ್ಲಿ ಕೊಳೆಯುವ ಎಲೆ, ಪಾಚಿ, ಸತ್ತ ಜೀವಿಗಳು ಇದ್ದ ಆಮ್ಲಜನಕವನ್ನೂ ಹೀರಿಬಿಡುತ್ತವೆ. ಪೋಷಕಾಂಶ ಹೆಚ್ಚಿರುವ ಸರೋವರಗಳಲ್ಲಿ ಬೇಸಿಗೆಯ ನಡುವಿನ ಹೊತ್ತಿಗೆ ತಳದ ಅಂತಸ್ತು ಮೀನು ಬದುಕಲಾರದಷ್ಟು ಬರಡಾಗುತ್ತದೆ. ಆದ್ದರಿಂದ 'ಆಳದ ನೀರು' ಎಂದರೆ ತಳ ಎಂದು ತಿಳಿಯುವುದು ತಪ್ಪು. ಬ್ಲೂಗಿಲ್‌ನ ಪಾಲಿಗೆ ಆಳವೆಂದರೆ ಥರ್ಮೋಕ್ಲೈನ್‌ನ ಮೇಲಂಚು. ಅಲ್ಲಿ ತಂಪೂ ಇದೆ, ಉಸಿರೂ ಇದೆ.

ಸಣ್ಣದಕ್ಕೆ ಪೊದೆ, ದೊಡ್ಡದಕ್ಕೆ ಬಯಲು

ಹಾಗಿದ್ದರೆ ಸಣ್ಣ ಮೀನುಗಳೇಕೆ ದಡದಲ್ಲೇ ಉಳಿಯುತ್ತವೆ? ಉತ್ತರ ಒಂದೇ ಪದ: ಭಯ.

ಅಮೆರಿಕದ ಸರೋವರಗಳಲ್ಲಿ ಬ್ಲೂಗಿಲ್‌ನ ಪ್ರಮುಖ ಶತ್ರು ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಮೀನು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಅರ್ಲ್ ವರ್ನರ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಇಂದಿಗೂ ಪ್ರಸಿದ್ಧ. ಅವರು ಒಂದು ಕೊಳವನ್ನು ನಡುವೆ ಅಡ್ಡ ಕಟ್ಟಿ ಎರಡು ಭಾಗ ಮಾಡಿದರು. ಎರಡರಲ್ಲೂ ವಿವಿಧ ಗಾತ್ರದ ಬ್ಲೂಗಿಲ್‌ಗಳನ್ನು ಬಿಟ್ಟು, ಒಂದು ಭಾಗಕ್ಕೆ ಮಾತ್ರ ಬಾಸ್ ಮೀನುಗಳನ್ನು ಸೇರಿಸಿದರು. ಶತ್ರುವಿಲ್ಲದ ಕಡೆ ಎಲ್ಲ ಗಾತ್ರದ ಬ್ಲೂಗಿಲ್‌ಗಳೂ ಹೆಚ್ಚು ಆಹಾರ ಸಿಗುವ ಜಾಗಕ್ಕೇ ಹೋದವು. ಶತ್ರುವಿದ್ದ ಕಡೆ ಸಣ್ಣವು ನೀರುಗಿಡಗಳ ಪೊದೆಯಲ್ಲೇ ಅವಿತವು. ಅಲ್ಲಿ ಆಹಾರ ಕಡಿಮೆಯಾದ್ದರಿಂದ ಅವುಗಳ ಬೆಳವಣಿಗೆಯೂ ಕುಂಠಿತವಾಯಿತು. ಬಾಸ್‌ನ ಬಾಯಿಗೆ ಹಿಡಿಸದಷ್ಟು ದೊಡ್ಡವಾದ ಬ್ಲೂಗಿಲ್‌ಗಳು ಮಾತ್ರ ನಿರ್ಭಯವಾಗಿ ಬಯಲಿನಲ್ಲಿ ಮೇದವು.

ಬಯಲಿನ ಮೇವು ಎಂದರೆ ಡಾಫ್ನಿಯಾದಂಥ ಸೂಕ್ಷ್ಮ ಜಲಚರಗಳು. ಹಗಲಿನಲ್ಲಿ ಇವು ಬೆಳಕಿಗೆ ಅಂಜಿ ಆಳಕ್ಕಿಳಿಯುತ್ತವೆ, ಸಂಜೆಗೆ ಮೇಲೇರುತ್ತವೆ. ದೊಡ್ಡ ಬ್ಲೂಗಿಲ್‌ಗಳು ಈ ಮೇವನ್ನು ಹಿಂಬಾಲಿಸುತ್ತವೆ. ಮಧ್ಯಾಹ್ನ ಇಪ್ಪತ್ತು ಅಡಿ ಆಳದಲ್ಲಿದ್ದ ಹಿಂಡು ಸೂರ್ಯ ಮುಳುಗುವ ಹೊತ್ತಿಗೆ ಹತ್ತು ಅಡಿಗೆ ಬಂದಿರುವುದು ಅಪರೂಪವಲ್ಲ. ತಳದ ಕೆಸರಿನಿಂದ ಏಳುವ ನೀರುಹುಳುಗಳ ಮರಿಗಳೂ ಇವುಗಳ ಆಹಾರವೇ.

ಹುಡುಕುವುದು ಎಲ್ಲಿ?

ವಿಶಾಲ ಸರೋವರದಲ್ಲಿ ಹಿಂಡನ್ನು ಹುಡುಕುವುದೇ ಮುಕ್ಕಾಲು ಕೆಲಸ. ಅನುಭವಿಗಳು ಮೊದಲು ನೋಡುವುದು ನೀರುಗಿಡಗಳ ಹೊರ ಅಂಚನ್ನು. ಬೆಳಕು ತಲುಪುವಷ್ಟು ಆಳದವರೆಗೆ ಮಾತ್ರ ಗಿಡ ಬೆಳೆಯುತ್ತದೆ. ಆ ಅಂಚು ಮುಗಿದು ನೆಲ ಥಟ್ಟನೆ ಇಳಿಯುವ ಕಡೆ ದೊಡ್ಡ ಮೀನುಗಳು ನಿಲ್ಲುತ್ತವೆ. ಎರಡನೆಯದು ನೀರಿನೊಳಗಿನ ದಿಬ್ಬಗಳು. ಮೂರನೆಯದು ಮೊಟ್ಟೆ ಇಡುವ ಕೊಲ್ಲಿಗಳ ಎದುರಿಗಿರುವ ಆಳದ ಇಳಿಜಾರು. ಗೂಡಿನ ಕೆಲಸ ಮುಗಿಸಿದ ಮೀನುಗಳಿಗೆ ಇದು ಹತ್ತಿರದ ಬಿಡಾರ.

ಇವೆಲ್ಲವೂ ತಪ್ಪಿದರೆ ಉಳಿಯುವುದು ತೆರೆದ ನೀರು. ಅಲ್ಲಿ ಬ್ಲೂಗಿಲ್‌ಗಳು ಯಾವ ಆಸರೆಯೂ ಇಲ್ಲದೆ ನಡುನೀರಿನಲ್ಲಿ ತೇಲುತ್ತಾ ಮೇಯುತ್ತಿರುತ್ತವೆ. ದೋಣಿಗೆ ಕಟ್ಟಿದ ಸೋನಾರ್ ಯಂತ್ರದ ಪರದೆಯ ಮೇಲೆ ಈ ಹಿಂಡು ಚುಕ್ಕಿಗಳಂತೆ ಕಾಣುತ್ತದೆ. ಯಂತ್ರದ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಥರ್ಮೋಕ್ಲೈನ್ ಕೂಡ ಮಸುಕು ಪಟ್ಟಿಯಂತೆ ಗೋಚರಿಸುತ್ತದೆ. ಆ ಪಟ್ಟಿಯ ಮೇಲೆ ಹುಡುಕಬೇಕು, ಕೆಳಗೆ ಹುಡುಕುವುದು ವ್ಯರ್ಥ. ಯಂತ್ರವಿಲ್ಲದವರು ದೋಣಿಯನ್ನು ಗಾಳಿಗೆ ಬಿಟ್ಟು, ಬೇರೆ ಬೇರೆ ಆಳದಲ್ಲಿ ಗಾಳ ಇಳಿಸಿ, ಮೊದಲ ಮೀನು ಸಿಕ್ಕ ಆಳವನ್ನು ಗುರುತಿಟ್ಟುಕೊಳ್ಳುತ್ತಾರೆ. ಬ್ಲೂಗಿಲ್ ಒಂಟಿ ಜೀವಿಯಲ್ಲ. ಒಂದು ಸಿಕ್ಕರೆ ಅಲ್ಲಿ ಇನ್ನೂ ಹಲವು ಇವೆ ಎಂದೇ ಅರ್ಥ.

ಗಾಳ, ದಾರ, ಎರೆ

ಸಲಕರಣೆ ಸರಳ. ಎರಡರಿಂದ ನಾಲ್ಕು ಪೌಂಡ್ ಭಾರ ತಡೆಯುವ ತೆಳು ದಾರ, ಬಳುಕುವ ಹಗುರ ಕೋಲು, ಎಂಟು ಅಥವಾ ಹತ್ತನೇ ಸಂಖ್ಯೆಯ ಪುಟ್ಟ ಕೊಕ್ಕೆ. ಮೀನು ಎಷ್ಟೇ ದೊಡ್ಡದಾದರೂ ಅದರ ಬಾಯಿ ಚಿಕ್ಕದು ಎಂಬುದನ್ನು ಮರೆಯಬಾರದು. ಎರೆಹುಳುವಿನ ತುಂಡು, ಪುಟ್ಟ ಜಿಗಣೆ, ಜೀರುಂಡೆ ಇವೇ ನಂಬಿಕೆಯ ಎರೆಗಳು.

ಆಳದ ನೀರಿಗೆ ಮಾಮೂಲಿ ಬೆಂಡು ಒದಗುವುದಿಲ್ಲ. ಬೆಂಡಿನಿಂದ ಕೊಕ್ಕೆಯವರೆಗೆ ಹದಿನೈದು ಅಡಿ ದಾರ ಜೋತುಬಿದ್ದರೆ ಎಸೆಯುವುದೇ ಅಸಾಧ್ಯ. ಇದಕ್ಕೆ ಪರಿಹಾರ ಜಾರುಬೆಂಡು. ದಾರ ಅದರ ನಡುವಿನ ತೂತಿನಲ್ಲಿ ಜಾರುತ್ತಾ ಇಳಿಯುತ್ತದೆ. ಬೇಕಾದ ಆಳಕ್ಕೆ ಮೊದಲೇ ದಾರದ ಮೇಲೆ ಕಟ್ಟಿದ ಗಂಟು ಬೆಂಡಿಗೆ ತಾಗಿದಾಗ ಇಳಿತ ನಿಲ್ಲುತ್ತದೆ. ಗಂಟನ್ನು ಸರಿಸಿದರೆ ಆಳವೂ ಬದಲಾಗುತ್ತದೆ. ಇನ್ನೊಂದು ಕ್ರಮದಲ್ಲಿ ಸೀಸದ ಗುಂಡನ್ನು ದಾರದ ತುದಿಗೆ ಕಟ್ಟಿ, ಕೊಕ್ಕೆಯನ್ನು ಅದಕ್ಕಿಂತ ಒಂದೆರಡು ಅಡಿ ಮೇಲೆ ಇರಿಸುತ್ತಾರೆ. ಗುಂಡು ನೆಲ ಮುಟ್ಟಿದರೂ ಎರೆ ಮೀನಿನ ಕಣ್ಣೆದುರಿಗೇ ತೇಲುತ್ತಿರುತ್ತದೆ.

ಎರೆ ಯಾವಾಗಲೂ ಹಿಂಡಿಗಿಂತ ತುಸು ಮೇಲಿರಬೇಕು ಎಂಬುದು ಬಹುಕಾಲದ ಪಾಠ. ಬ್ಲೂಗಿಲ್ ಮೇಲೇರಿ ಬಂದು ತಿನ್ನುತ್ತದೆ, ತನ್ನ ಹೊಟ್ಟೆಯ ಕೆಳಗಿರುವುದನ್ನು ಅಷ್ಟಾಗಿ ಗಮನಿಸುವುದಿಲ್ಲ. ದೊಡ್ಡ ಮೀನಿನ ಕಡಿತ ಜೋರಾಗಿರುತ್ತದೆ ಎಂದು ಕಾಯುವವರು ಮೋಸ ಹೋಗುತ್ತಾರೆ. ಅದು ಎರೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ. ಬೆಂಡು ಮುಳುಗುವ ಬದಲು ಪಕ್ಕಕ್ಕೆ ಸರಿದರೂ ಸಾಕು, ಕೋಲು ಎತ್ತಬೇಕು. ಗಾಳಕ್ಕೆ ಸಿಕ್ಕ ಮೇಲೆ ಮಾತ್ರ ಅದರ ಬಲ ಗೊತ್ತಾಗುತ್ತದೆ. ತನ್ನ ಅಗಲ ದೇಹವನ್ನು ಅಡ್ಡ ತಿರುಗಿಸಿ ಸುತ್ತು ಹಾಕುತ್ತಾ ಸೆಣಸುವ ಬ್ಲೂಗಿಲ್, ತೂಕಕ್ಕೆ ಮೀರಿದ ಹೋರಾಟಗಾರ.

ಮೂವತ್ತು ಅಡಿಯ ಲಕ್ಷ್ಮಣರೇಖೆ

ಆಳದ ಬೇಟೆಗೆ ಒಂದು ಅಪಾಯವಿದೆ. ಅದು ಹಿಡಿಯುವವನಿಗಲ್ಲ, ಹಿಡಿದು ಮರಳಿ ಬಿಟ್ಟ ಮೀನಿಗೆ.

ಮೀನು ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲಲು ಅದರ ಹೊಟ್ಟೆಯೊಳಗಿನ ಗಾಳಿಚೀಲ ಕಾರಣ. ಬ್ಲೂಗಿಲ್‌ನ ಗಾಳಿಚೀಲಕ್ಕೆ ಗಂಟಲಿನೊಡನೆ ಸಂಪರ್ಕವಿಲ್ಲ. ತುಂಬಿಕೊಂಡ ಗಾಳಿಯನ್ನು ಬಾಯಿಂದ ಥಟ್ಟನೆ ಹೊರಹಾಕಲು ಅದಕ್ಕೆ ಬರುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು ಇರುತ್ತದೆ. ಅಲ್ಲಿಂದ ಸರಸರನೆ ಎಳೆದು ತಂದಾಗ ಚೀಲದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಒಳಾಂಗಗಳು ಬಾಯಿಯತ್ತ ನೂಕಲ್ಪಡುತ್ತವೆ, ಕಣ್ಣು ಉಬ್ಬುತ್ತದೆ. ಮರಳಿ ನೀರಿಗೆ ಬಿಟ್ಟರೂ ಮೀನು ಕೆಳಗಿಳಿಯಲಾರದೆ ಮಗ್ಗುಲಾಗಿ ತೇಲುತ್ತದೆ. ಮೇಲಿನ ಬಿಸಿನೀರು ಅದರ ಸಂಕಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಈ ಕಾರಣದಿಂದಲೇ ಮೀನನ್ನು ಮರಳಿ ಬಿಡುವ ಉದ್ದೇಶವಿದ್ದರೆ ಸುಮಾರು ಮೂವತ್ತು ಅಡಿಗಿಂತ ಆಳದಲ್ಲಿ ಗಾಳ ಹಾಕಬಾರದು ಎಂಬುದು ಸಾಮಾನ್ಯ ಸಲಹೆ. ಅಷ್ಟು ಆಳದಲ್ಲೇ ಮೀನು ಸಿಗುತ್ತಿದ್ದರೆ ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಗಾಳ ಸುತ್ತಿಡುವುದು ಮೇಲು. ನೂರು ಮೀನು ಹಿಡಿದು ನೂರನ್ನೂ ಬಿಟ್ಟೆ ಎಂದು ಹೆಮ್ಮೆಪಡುವವನು, ನಾಲ್ಕು ಹಿಡಿದು ನಾಲ್ಕನ್ನೂ ಮನೆಗೆ ಒಯ್ದವನಿಗಿಂತ ಹೆಚ್ಚು ಮೀನು ಕೊಂದಿರಬಹುದು.

ದೊಡ್ಡ ಗಂಡು ಹೋದರೆ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಬೇಸಿಗೆಯ ಆರಂಭದಲ್ಲಿ, ನೀರು 20 ಡಿಗ್ರಿ ಸೆಲ್ಷಿಯಸ್ ದಾಟುತ್ತಿದ್ದಂತೆ ಗಂಡು ಬ್ಲೂಗಿಲ್‌ಗಳು ದಡದ ಮರಳಿನಲ್ಲಿ ಬಾಲದಿಂದ ಗುಳಿ ತೋಡುತ್ತವೆ. ಹತ್ತಾರು ಗೂಡುಗಳು ಜೇನುಹಟ್ಟಿಯಂತೆ ಒತ್ತೊತ್ತಾಗಿರುತ್ತವೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆಗೆ ಬಾಲ ಬೀಸಿ ಗಾಳಿಯಾಡಿಸುವುದು, ಕಳ್ಳರನ್ನು ಓಡಿಸುವುದು, ಮರಿ ಈಜುವವರೆಗೆ ಕಾಯುವುದು ಎಲ್ಲವೂ ಗಂಡಿನ ಹೊಣೆ. ಈ ಅವಧಿಯಲ್ಲಿ ಅದು ತಿನ್ನುವುದೂ ಕಡಿಮೆ. ಆದರೆ ಗೂಡಿನ ಮೇಲೆ ಬಿದ್ದ ಗಾಳವನ್ನು ಶತ್ರುವೆಂದು ಬಗೆದು ಕಚ್ಚುತ್ತದೆ. ಒಳ್ಳೆಯ ಗೂಡು ದೊಡ್ಡ ಗಂಡಿನ ಪಾಲು. ಹೀಗಾಗಿ ಮೊದಲು ಹಿಡಿಯಲ್ಪಡುವುದೂ ದೊಡ್ಡ ಗಂಡೇ.

ಗಂಡು ಬ್ಲೂಗಿಲ್ ಬೆಳೆಯುವಷ್ಟು ಕಾಲ ಮೊಟ್ಟೆಯ ಗೊಡವೆಗೆ ಹೋಗುವುದಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಒಪಿನಿಕಾನ್ ಸರೋವರದಲ್ಲಿ ಮಾರ್ಟ್ ಗ್ರಾಸ್ ನಡೆಸಿದ ಅಧ್ಯಯನದ ಪ್ರಕಾರ ಗೂಡು ಕಾಯುವ ಗಂಡು ಪ್ರೌಢವಾಗುವುದು ಸುಮಾರು ಏಳನೇ ವರ್ಷದಲ್ಲಿ. ಅಲ್ಲಿಯವರೆಗೆ ತಿಂದದ್ದೆಲ್ಲ ಮೈಗೆ ಹತ್ತುತ್ತದೆ. ದೊಡ್ಡ ಗಂಡುಗಳು ಎದುರಿಗಿರುವಾಗ ಸಣ್ಣ ಗಂಡಿಗೆ ಗೂಡು ಗಿಟ್ಟಿಸುವ ಅವಕಾಶವಿಲ್ಲ. ಆದ್ದರಿಂದ ಅದು ಕಾದು ಬೆಳೆಯುತ್ತದೆ. ದೊಡ್ಡವು ಇಲ್ಲವಾದರೆ ಕಾಯುವ ಅಗತ್ಯವೇ ಬೀಳುವುದಿಲ್ಲ. ಐದಾರು ಇಂಚಿಗೇ ಅದು ಪ್ರೌಢವಾಗಿ ಗೂಡು ಕಟ್ಟುತ್ತದೆ. ಬೆಳೆಯಲು ಬಳಕೆಯಾಗಬೇಕಿದ್ದ ಶಕ್ತಿ ಸಂತಾನಕ್ಕೆ ಹೋಗುತ್ತದೆ, ಮೈ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ಗಂಡುಗಳ ಇರುವಿಕೆ ಚಿಕ್ಕವುಗಳ ಪ್ರೌಢತೆಯನ್ನು ಮುಂದೂಡುತ್ತದೆ ಎಂಬುದನ್ನು ಇಲಿನಾಯ್‌ನ ಸಂಶೋಧಕರು 1990ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು.

ಪರಿಣಾಮವಾಗಿ ಸರೋವರದಲ್ಲಿ ಮೀನಿನ ಸಂಖ್ಯೆಗೇನೂ ಕೊರತೆ ಇರುವುದಿಲ್ಲ. ಆದರೆ ಎಲ್ಲವೂ ಕುಬ್ಜ. ದಡದ ಮಕ್ಕಳ ಗಾಳಕ್ಕೆ ನಿಮಿಷಕ್ಕೊಂದರಂತೆ ಬೀಳುವ ಅಂಗೈಗಿಂತ ಚಿಕ್ಕ ಮೀನುಗಳ ಹಿಂದೆ ಕೆಲವೊಮ್ಮೆ ಇಂಥ ಕಥೆ ಇರುತ್ತದೆ. ಬಾಸ್ ಮೀನುಗಳು ಕಡಿಮೆಯಾದರೆ ಮರಿಗಳ ದಟ್ಟಣೆ ಹೆಚ್ಚಿ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ಹಿಂದೆ ದೊಡ್ಡ ಬ್ಲೂಗಿಲ್‌ಗಳಿಗೆ ವರ್ಷದಲ್ಲಿ ಕೆಲವು ವಾರ ಮಾತ್ರ, ಗೂಡಿನ ಕಾಲದಲ್ಲಿ, ಅಪಾಯವಿತ್ತು. ಬೇಸಿಗೆಯ ಆಳ ಅವುಗಳಿಗೆ ಅಡಗುತಾಣವಾಗಿತ್ತು. ಸೋನಾರ್ ಪರದೆ ಆ ಮರೆಯನ್ನೂ ಸರಿಸಿದೆ. ಈಚಿನ ಯಂತ್ರಗಳಲ್ಲಿ ಮೀನಿನ ಚಲನೆಯೂ ಆ ಕ್ಷಣದಲ್ಲೇ ಕಾಣುತ್ತದೆ.

ಮಿತಿ ಇಳಿಸಿದ ರಾಜ್ಯಗಳು

ಮಿನ್ನೆಸೋಟ ರಾಜ್ಯದಲ್ಲಿ ಒಬ್ಬರು ದಿನಕ್ಕೆ 20 ಸನ್‌ಫಿಶ್ ಇಟ್ಟುಕೊಳ್ಳಬಹುದೆಂಬುದು ಸಾಮಾನ್ಯ ನಿಯಮ. ದೊಡ್ಡ ಮೀನು ಬೆಳೆಯುವ ಸಾಮರ್ಥ್ಯವುಳ್ಳ ಸರೋವರಗಳನ್ನು ಆಯ್ದು, ಅಲ್ಲಿ ಈ ಮಿತಿಯನ್ನು 5 ಅಥವಾ 10ಕ್ಕೆ ಇಳಿಸುವ ಕಾರ್ಯಕ್ರಮವನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ 2021ರಿಂದ ವಿಸ್ತರಿಸಿತು. ವಿಸ್ಕಾನ್ಸಿನ್ ಕೂಡ 2016ರಿಂದ ಆಯ್ದ ಸರೋವರಗಳಲ್ಲಿ ಕಡಿಮೆ ಮಿತಿಗಳನ್ನು ಪ್ರಯೋಗಕ್ಕೆ ತಂದಿತು. ಅವುಗಳಲ್ಲಿ ಕೆಲವು ಮೊಟ್ಟೆ ಇಡುವ ಕಾಲಕ್ಕೆ ಮಾತ್ರ ಅನ್ವಯಿಸುವಂಥವು.

ನಿಯಮಕ್ಕಿಂತ ಮುಖ್ಯವಾದುದು ಅಭ್ಯಾಸ. ಆರೇಳು ಇಂಚಿನ ಮೀನು ಬಾಣಲೆಗೆ ಸಾಕು. ಒಂಬತ್ತು ಇಂಚಿನದನ್ನು ಬಿಡುವುದು ಸರೋವರಕ್ಕೆ ಹಾಕಿದ ಬಿತ್ತನೆ ಬೀಜದಂತೆ. ಬಿಡುವಾಗ ಕೈ ಒದ್ದೆ ಮಾಡಿಕೊಂಡು ಹಿಡಿದರೆ ಮೈಯ ಲೋಳೆ ಪದರ ಉಳಿಯುತ್ತದೆ. ತಲೆಯಿಂದ ಬಾಲದತ್ತ ಕೈಯಾಡಿಸಿದರೆ ಬೆನ್ನಿನ ಮುಳ್ಳು ಮಡಚಿಕೊಳ್ಳುತ್ತದೆ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳುವ ಬದಲು ದಾರ ಕತ್ತರಿಸುವುದು ಒಳ್ಳೆಯದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಗಾಳ ಹಾಕಲು ಪರವಾನಗಿ ಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ಸರೋವರದಿಂದ ಸರೋವರಕ್ಕೆ ಬೇರೆಯಾಗಿರುತ್ತವೆ.

ಊರು ಬಿಟ್ಟ ಮೀನು

ತವರಿನಲ್ಲಿ ಜತನ ಬೇಡುವ ಇದೇ ಮೀನು ಪರನಾಡಿನಲ್ಲಿ ಪೀಡೆಯಾದ ಉದಾಹರಣೆಯೂ ಇದೆ. 1960ರಲ್ಲಿ ಅಮೆರಿಕಕ್ಕೆ ಭೇಟಿ ನೀಡಿದ್ದ ಜಪಾನಿನ ಆಗಿನ ಯುವರಾಜ ಅಕಿಹಿಟೊ ಅವರಿಗೆ ಷಿಕಾಗೊ ನಗರದ ಮೇಯರ್ ಬ್ಲೂಗಿಲ್‌ಗಳನ್ನು ಉಡುಗೊರೆಯಾಗಿ ಕೊಟ್ಟರು. ಆಹಾರದ ಮೀನಾಗಿ ಸಾಕುವ ಉದ್ದೇಶದಿಂದ ತಂದ ಅವುಗಳ ಸಂತತಿ ಬಿವಾ ಸರೋವರವನ್ನೂ ಸೇರಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ಸ್ವತಃ ಮೀನು ವಿಜ್ಞಾನಿಯಾದ ಅಕಿಹಿಟೊ, ಚಕ್ರವರ್ತಿಯಾಗಿದ್ದಾಗ 2007ರಲ್ಲಿ ಬಿವಾ ತೀರದ ಷಿಗಾ ಪ್ರಾಂತ್ಯದಲ್ಲಿ ಈ ಬಗ್ಗೆ ಬಹಿರಂಗವಾಗಿ ನೋವು ತೋಡಿಕೊಂಡರು.

ಕರ್ನಾಟಕದ ಕೆರೆಗಳಿಗೂ ಇಂಥ ಅನುಭವ ಹೊಸದಲ್ಲ. ಜನ 'ಜಿಲೇಬಿ ಮೀನು' ಎಂದು ಕರೆಯುವ ತಿಲಾಪಿಯ ಬ್ಲೂಗಿಲ್‌ನ ಬಳಗವಲ್ಲ. ಆದರೆ ಆಫ್ರಿಕ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದ ಮೇಲೆ ಕಂಡದ್ದೂ ಅದೇ ಚಿತ್ರ. ಬೇಗ ಪ್ರೌಢವಾಗಿ, ಮೇಲಿಂದ ಮೇಲೆ ಮರಿ ಮಾಡಿ, ನೀರು ತುಂಬ ಮೀನು, ಆದರೆ ಮೀನಿನಲ್ಲಿ ಮೈ ಇಲ್ಲ. ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕೆರೆ ಸಮೃದ್ಧವಾಗುವುದಿಲ್ಲ ಎಂಬುದನ್ನು ಎರಡೂ ಮೀನುಗಳು ಒಂದೇ ಬಗೆಯಲ್ಲಿ ಹೇಳುತ್ತವೆ.

ಬೇಸಿಗೆಯ ಸಂಜೆ ಥರ್ಮೋಕ್ಲೈನ್‌ನ ಅಂಚಿನಿಂದ ಮೇಲೆ ಬರುವ ಹತ್ತು ಇಂಚಿನ ಬ್ಲೂಗಿಲ್ ಎಂಟೋ ಹತ್ತೋ ಚಳಿಗಾಲಗಳನ್ನು ಹಿಮದಡಿಯಲ್ಲಿ ಕಳೆದು ಬಂದಿರುತ್ತದೆ. ಅದನ್ನು ಹಿಡಿಯಲು ಹದಿನೈದು ನಿಮಿಷ ಸಾಕು. ಅದರ ಜಾಗದಲ್ಲಿ ಇನ್ನೊಂದು ಬೆಳೆಯಬೇಕಾದರೆ ಇವತ್ತು ದಡದಲ್ಲಿ ಗಾಳ ಹಿಡಿದು ಕುಳಿತ ಮಗು ಪ್ರೌಢಶಾಲೆ ಮುಗಿಸುವವರೆಗೆ ಕಾಯಬೇಕಾದೀತು.